ಮಕ್ಕಳೊಡನೆ ಬೆಳೆದ ಕಥಾಮಾಲೆ

ಬಾಲ್ಯದಲ್ಲಿ ಓದಿದ ಕಥೆಯು ಮನಸ್ಸಿನಲ್ಲಿ ಎಷ್ಟು ಆಳವಾಗಿ ಬೇರೂರುವುದೆಂಬುದನ್ನು ತಾಯಂದಿರಿಗೆ ವಿವರಿಸಿ ಹೇಳಬೇಕಾದುದಿಲ್ಲ. ಶಾಲೆಯಲ್ಲಿ ಕಲಿತ ಬಡ್ಡಿಯ ಲೆಕ್ಕವು ಮರೆತುಹೋಗಬಹುದು. ನದಿಗಳ ಹೆಸರುಗಳು ಹಿಂದುಮುಂದಾಗಬಹುದು. ಆದರೆ ಎಂಟು ಹತ್ತು ವರ್ಷದ ವಯಸ್ಸಿನಲ್ಲಿ ಮನಸ್ಸಿಗೆ ಹಿಡಿದ ಒಂದು ಕಥೆಯು ಮುಪ್ಪಿನವರೆಗೂ ಜೊತೆಗೆ ಬರುವುದು. ಹೀಗಿರುವುದರಿಂದ, ನಮ್ಮ ಹೆಣ್ಣುಮಕ್ಕಳ ಕೈಗೆ ಮೊದಲು ಯಾವ ಕಥೆಯು ಬರುವುದು, ಅನಂತರ ಯಾವುದು ಬರುವುದು, ಯಾವ ಹಂತಕ್ಕೆ ಬಂದು ಆ ಓದು ನಿಂತುಹೋಗುವುದು ಎಂಬುದು ಅಲ್ಪವಾದ ವಿಚಾರವಲ್ಲ. ಈ ವಿಚಾರವನ್ನು ಒಂದು ಪ್ರಸಿದ್ಧ ಕಥಾಮಾಲೆಯ ಚರಿತ್ರೆಯ ಮೂಲಕ ನಮ್ಮ ಪೂರ್ವ ವಿದ್ಯಾರ್ಥಿನಿಯರ ಮತ್ತು ಪೋಷಕ ಮಹಾಶಯರ ಮುಂದೆ ಇಡಬೇಕೆಂದು ನಮ್ಮ ಅಪೇಕ್ಷೆ. ಆ ಮಾಲೆಯೇ ‘ಅಮರ ಚಿತ್ರ ಕಥೆ’.

ಚಿತ್ರಗಳ ಮೂಲಕ ಕಥೆ ಹೇಳುವ ಪದ್ಧತಿಯು ನಮ್ಮ ಸೀಮೆಗೆ ಹೊಸದಲ್ಲ. ಗಬ್ಬೂರಿನ ಮಲೆಶಂಕರ ದೇವಾಲಯವೇ ಮೊದಲಾದ ಹಳೆಯ ಗುಡಿಗಳನ್ನು ಕಂಡವರಿಗೆ, ಅಕ್ಷರ ತಿಳಿಯದವರೂ ಕಣ್ಣಿನಿಂದ ಓದಬಹುದಾದ ಕಲ್ಲಿನ ಪುಟಗಳು ಹೇಗಿರುವುವೆಂಬುದು ಗೊತ್ತಿದೆ. ಈ ಗ್ರಾಮವು ಪೂರ್ವದಲ್ಲಿ ಗೋಪುರಗ್ರಾಮವೆಂದು ಹೆಸರುಗೊಂಡು ವಿದ್ಯೆಯ ನೆಲೆಯಾಗಿದ್ದುದು ನಮಗೆಲ್ಲ ಅಭಿಮಾನದ ಸಂಗತಿ. ಊರ ಮುಂದಿನ ಬಯಲಾಟದಲ್ಲಿಯೂ ತೊಗಲುಗೊಂಬೆಯ ಪರದೆಯ ಮೇಲೆಯೂ ನಮ್ಮ ಹಿರಿಯರು ಕಥೆಯನ್ನು ಕಂಡರೇ ಹೊರತು ಬರಿದೆ ಕೇಳಲಿಲ್ಲ. ಅಚ್ಚಿನ ಕಾಲವು ಬಂದ ಮೇಲೆ, 1949ರಲ್ಲಿ ಕನ್ನಡಕ್ಕೆ ಬಂದ ‘ಚಂದಮಾಮ’ವು ಕಥೆಯೊಡನೆ ಅಂದವಾದ ಚಿತ್ರಗಳನ್ನು ಕೊಟ್ಟು ಹಲವು ತಲೆಮಾರುಗಳ ಮಕ್ಕಳನ್ನು ರಂಜಿಸಿತು. ಆದರೆ ಅದರಲ್ಲಿ ಕಥೆಯನ್ನು ನಡೆಸುತ್ತಿದ್ದುದು ಬರೆಹ. ಚಿತ್ರವು ಅದಕ್ಕೆ ಅಲಂಕಾರ. ಚಿತ್ರಕಥೆಯಲ್ಲಾದರೋ ಪುಟವನ್ನು ನಾಲ್ಕೈದು ಚೌಕಗಳಾಗಿ ವಿಭಾಗಿಸಿ, ಒಂದೊಂದರಲ್ಲಿ ಒಂದೊಂದು ಘಟನೆಯನ್ನು ಬರೆದು, ಪಾತ್ರಗಳ ಮಾತನ್ನು ಅವುಗಳ ಬಾಯ ಬಳಿಯಲ್ಲಿಯೇ ಬಲೂನಿನಂತಹ ಆವರಣದೊಳಗೆ ಇಡುವರು. ಒಂದು ಚೌಕಕ್ಕೂ ಮುಂದಿನದಕ್ಕೂ ನಡುವೆ ಏನು ನಡೆಯಿತೆಂಬುದನ್ನು ಮಗುವು ತಾನೇ ಊಹಿಸಿಕೊಳ್ಳಬೇಕು. ಆ ಊಹೆಯೇ ಮಗುವಿಗೆ ಓದಿನ ರುಚಿಯನ್ನು ಹತ್ತಿಸುವುದು.

ಅಮರ ಚಿತ್ರ ಕಥೆಯು ಮೊದಲು ಇಂಗ್ಲಿಷಿನಲ್ಲಿ ಹುಟ್ಟಿ ಆಮೇಲೆ ಕನ್ನಡಕ್ಕೆ ಬಂದಿತೆಂದು ಬಹುಮಂದಿ ತಿಳಿದಿರುವರು. ವಾಸ್ತವವು ಇದಕ್ಕೆ ವಿರುದ್ಧವಾಗಿದೆ. 1965ರಲ್ಲಿ ಇಂಡಿಯಾ ಬುಕ್ ಹೌಸ್ ಎಂಬ ಪ್ರಕಾಶನ ಸಂಸ್ಥೆಯ ಬೆಂಗಳೂರು ಶಾಖೆಯಲ್ಲಿದ್ದ ಜಿ. ಕೆ. ಅನಂತರಾಮ್ ಅವರ ಯೋಚನೆಯಂತೆ ಈ ಹೆಸರಿನ ಪುಸ್ತಕಗಳು ಮೊಟ್ಟಮೊದಲು ಕನ್ನಡದಲ್ಲಿ ಹೊರಬಂದುವು. ಅವು ಚೆನ್ನಾಗಿ ಮಾರಾಟವಾದುದನ್ನು ಕಂಡ ಮೇಲೆಯೇ ಮುಂಬಯಿಯ ಮುಖ್ಯ ಕಛೇರಿಯವರು ಇಂಗ್ಲಿಷ್ ಮಾಲೆಯನ್ನು ಕೈಗೊಂಡರು. ಇಂಗ್ಲಿಷ್ ಮಾಲೆಯ ಕ್ರಮಸಂಖ್ಯೆಯು ಒಂದರಿಂದ ಮೊದಲಾಗದೆ 11ರಿಂದ ಮೊದಲಾಗುವುದಕ್ಕೆ, ಮೊದಲ ಹತ್ತು ಸಂಖ್ಯೆಗಳು ಕನ್ನಡದವಾಗಿದ್ದುದೇ ಕಾರಣವೆಂದು ಅನಂತರಾಮ್ ಅವರು ತಿಳಿಸಿರುವರು. ನಮ್ಮ ರಾಯಚೂರು ಜಿಲ್ಲೆಯು ಹೈದರಾಬಾದು ಸಂಸ್ಥಾನದಿಂದ ಬಿಡುಗಡೆಗೊಂಡು, 1956ರ ನವೆಂಬರ್ 1ರಂದು ಕನ್ನಡನಾಡಿನ ಇತರ ಭಾಗಗಳೊಡನೆ ಕೂಡಿ ಆಗ ಇನ್ನೂ ಹತ್ತು ವರ್ಷಗಳು ತುಂಬಿರಲಿಲ್ಲ. ಕನ್ನಡದ ಮಕ್ಕಳಿಗಾಗಿ ಕನ್ನಡದಲ್ಲಿಯೇ ಮೊದಲು ಮಾಡಿದ ಒಂದು ಕಾರ್ಯವು ದೇಶಕ್ಕೆಲ್ಲ ಮಾದರಿಯಾಯಿತೆಂಬುದನ್ನು ನಮ್ಮ ಮಕ್ಕಳಿಗೆ ತಿಳಿಸುವುದು ಒಳ್ಳೆಯದು.

ಈ ಮಾಲೆಯನ್ನು ದೊಡ್ಡದಾಗಿ ಬೆಳೆಸಿದವರೂ ಕನ್ನಡನಾಡಿನಲ್ಲಿ ಹುಟ್ಟಿದವರೇ. ಅನಂತ ಪೈ ಅವರು 1929ರ ಸೆಪ್ಟೆಂಬರ್ 17ರಂದು ಕಾರ್ಕಳದಲ್ಲಿ ಜನಿಸಿದರು. ಎರಡು ವರ್ಷದ ಶಿಶುವಾಗಿರುವಾಗಲೇ ತಂದೆತಾಯಿಗಳನ್ನು ಕಳೆದುಕೊಂಡು, ಹನ್ನೆರಡನೆಯ ವಯಸ್ಸಿನಲ್ಲಿ ಮುಂಬಯಿಗೆ ಹೋಗಿ, ರಸಾಯನ ಶಾಸ್ತ್ರಕ್ಕೆ ಸಂಬಂಧಪಟ್ಟ ಎಂಜಿನಿಯರಿಂಗ್ ವಿದ್ಯೆಯನ್ನು ಕಲಿತರು. ಮನಸ್ಸಾದರೋ ಪುಸ್ತಕಗಳ ಕಡೆಗಿದ್ದಿತು. 1967ರಲ್ಲಿ ದಿಲ್ಲಿಯ ದೂರದರ್ಶನದಲ್ಲಿ ನಡೆದ ಒಂದು ಪ್ರಶ್ನೋತ್ತರ ಸ್ಪರ್ಧೆಯನ್ನು ಅವರು ನೋಡಿದರು. ಗ್ರೀಕ್ ಪುರಾಣದ ಪ್ರಶ್ನೆಗಳಿಗೆ ಚಟಕ್ಕನೆ ಉತ್ತರ ಕೊಟ್ಟ ವಿದ್ಯಾರ್ಥಿಗಳು ಶ್ರೀರಾಮನ ತಾಯಿಯ ಹೆಸರನ್ನು ಹೇಳಲಾರದೆ ಹೋದರು. ಈ ನೆಲದ ಕಥೆಗಳನ್ನು ಈ ನೆಲದ ಮಕ್ಕಳಿಗೆ ಮುಟ್ಟಿಸಬೇಕೆಂಬ ಸಂಕಲ್ಪವು ಅಲ್ಲಿಂದ ಗಟ್ಟಿಯಾಯಿತೆಂದು ಅವರು ಹೇಳುತ್ತಿದ್ದರು. 2011ರ ಫೆಬ್ರವರಿ 24ರಂದು ಅವರು ತೀರಿಕೊಳ್ಳುವ ಹೊತ್ತಿಗೆ ಮಾಲೆಯಲ್ಲಿ ನಾನೂರಕ್ಕೂ ಮಿಕ್ಕ ಪುಸ್ತಕಗಳು ಬಂದಿದ್ದುವು. ಮಕ್ಕಳೆಲ್ಲರೂ ಅವರನ್ನು ‘ಅಂಕಲ್ ಪೈ’ ಎಂದೇ ಕರೆಯುತ್ತಿದ್ದರು.

ಇನ್ನು ಕಥೆಗಳಿಗೆ ಬರೋಣ. ಈ ಮಾಲೆಯನ್ನು ಮೊದಲಿನಿಂದ ನೋಡುತ್ತ ಬಂದರೆ ಅದು ಒಂದೇ ವಯಸ್ಸಿನಲ್ಲಿ ನಿಂತುಕೊಳ್ಳದೆ ಮಗುವಿನಂತೆಯೇ ಮೆಟ್ಟಿಲು ಮೆಟ್ಟಿಲಾಗಿ ಏರಿರುವುದು ಕಾಣುವುದು.

ಮೊದಲನೆಯ ಮೆಟ್ಟಿಲು ಪಾಶ್ಚಾತ್ಯ ದೇಶದ ಅಜ್ಜಿಕಥೆಗಳದು. ಆದಿಯ ಹತ್ತು ಸಂಖ್ಯೆಗಳಲ್ಲಿ ಸಿಂಡ್ರೆಲಾ, ಕೆಂಪು ಕುಲಾವಿಯ ಹುಡುಗಿ, ಏಳು ಮಂದಿ ಕುಳ್ಳರೊಡನೆ ಬಾಳಿದ ರಾಜಕುಮಾರಿ ಮೊದಲಾದವರ ಕಥೆಗಳಿದ್ದುವು. ಇವುಗಳಲ್ಲಿ ಒಳ್ಳೆಯವರು ಕೇವಲ ಒಳ್ಳೆಯವರು, ಕೆಟ್ಟವರು ಕೇವಲ ಕೆಟ್ಟವರು; ಕಷ್ಟವು ಬಂದರೂ ಕೊನೆಯ ಪುಟದೊಳಗೆ ತೀರಿಹೋಗುವುದು. ಐದಾರು ವರ್ಷದ ಮಗುವಿಗೆ ಇಂತಹ ಧೈರ್ಯವು ಬೇಕು. ಆದರೆ ಈ ಕಥೆಗಳ ಹುಡುಗಿಯು ಬಹುಮಟ್ಟಿಗೆ ಕಾಯುವವಳು: ದೇವತೆ ಬರಲೆಂದು, ರಾಜಕುಮಾರನು ಬರಲೆಂದು, ಯಾರಾದರೂ ಬಂದು ಎಬ್ಬಿಸಲೆಂದು ಕಾಯುವಳು. ಇದನ್ನು ಪಾಠಕರು ಜ್ಞಾಪಕದಲ್ಲಿಟ್ಟುಕೊಳ್ಳಬೇಕು.

ಎರಡನೆಯ ಮೆಟ್ಟಿಲು ಪುರಾಣಕಥೆಗಳದು. ಅನಂತ ಪೈ ಅವರೇ ಬರೆದು, ರಾಮ್ ವಾಯೀರ್ಕರ್ ಎಂಬ ಕಲಾವಿದರು ಚಿತ್ರಿಸಿದ ‘ಕೃಷ್ಣ’ನು 11ನೆಯ ಸಂಖ್ಯೆಯಾಗಿ ಬಂದನು, ಅವನ ಹಿಂದೆಯೇ ಶಕುಂತಲೆ, ಸಾವಿತ್ರಿ, ದಮಯಂತಿ, ಹರಿಶ್ಚಂದ್ರ, ಹನುಮಂತ ಇವರೆಲ್ಲರೂ ಬಂದರು. ಸಾವಿತ್ರಿಯ ಕಥೆಯು ಹೆಣ್ಣುಮಕ್ಕಳಿಗೆ ಬಹಳ ಪ್ರಿಯವಾದುದು. ಆಕೆಯನ್ನು ಪತಿವ್ರತೆಯೆಂದು ಮಾತ್ರ ಹೇಳಿ ಮುಗಿಸುವುದು ನಮ್ಮಲ್ಲಿ ರೂಢಿ. ಆದರೆ ಕಥೆಯನ್ನು ಮನಸ್ಸಿಟ್ಟು ಓದಿದ ಬಾಲಿಕೆಗೆ ಬೇರೆ ಸಂಗತಿಗಳೂ ಕಾಣುವುವು: ಸಾವಿತ್ರಿಯು ತನ್ನ ವರನನ್ನು ತಾನೇ ಹುಡುಕಿಕೊಂಡು ಆರಿಸಿದಳು, ನಾರದನು ಬೇಡವೆಂದರೂ ಹಿಡಿದ ಮಾತನ್ನು ಬಿಡಲಿಲ್ಲ, ಯಮನನ್ನು ಅಳುವಿನಿಂದ ಗೆಲ್ಲದೆ ಜಾಣ್ಮೆಯ ಮಾತಿನಿಂದ ಗೆದ್ದಳು.

ಶಕುಂತಲೆಯ ಕಥೆಯಲ್ಲಿ ಇನ್ನೂ ಒಂದು ಪಾಠವುಂಟು. ದುರ್ವಾಸರ ಶಾಪ, ಕಳೆದುಹೋದ ಉಂಗುರ, ಮೀನಿನ ಹೊಟ್ಟೆಯಲ್ಲಿ ಅದು ಸಿಕ್ಕುವುದು ಇವೆಲ್ಲವೂ ಕಾಳಿದಾಸನ ನಾಟಕದ ಮೂಲಕ ಪ್ರಸಿದ್ಧವಾದವು; ಚಿತ್ರಕಥೆಯು ಹಿಡಿದದ್ದೂ ಈ ದಾರಿಯನ್ನೇ. ವ್ಯಾಸಭಾರತದಲ್ಲಾದರೋ ಶಾಪವೂ ಇಲ್ಲ, ಉಂಗುರವೂ ಇಲ್ಲ. ದುಷ್ಯಂತನು ಸಭೆಯಲ್ಲಿ ಗುರುತಿಲ್ಲವೆಂದು ನಟಿಸಲು, ಶಕುಂತಲೆಯು ಮಗನ ಕೈಹಿಡಿದು ನಿಂತು, ಸತ್ಯದ ಬಲದಿಂದ ಅರಸನಿಗೆ ಎದುರುತ್ತರ ಕೊಡುವಳು. ಕೊನೆಗೆ ಆಕಾಶವಾಣಿಯೇ ಆಕೆಯ ಮಾತನ್ನು ಎತ್ತಿಹಿಡಿಯುವುದು. ಒಂದೇ ಹೆಸರಿನ ಇಬ್ಬರು ಶಕುಂತಲೆಯರು ನಮ್ಮ ಸಾಹಿತ್ಯದಲ್ಲಿರುವರೆಂಬುದನ್ನು ದೊಡ್ಡ ಹುಡುಗಿಯರಿಗೆ ತಿಳಿಸಿದರೆ, ಕಥೆಯನ್ನು ಯಾರು ಹೇಳುವರೆಂಬುದರ ಮೇಲೆ ಕಥೆಯೇ ಬದಲಾಗುವುದೆಂಬ ದೊಡ್ಡ ಅರಿವು ಅವರಿಗೆ ಉಂಟಾಗುವುದು.

ಮೂರನೆಯ ಮೆಟ್ಟಿಲು ಚರಿತ್ರೆಯದು. ಶಿವಾಜಿ, ಅಶೋಕ, ಝಾನ್ಸಿಯ ರಾಣಿ ಮೊದಲಾದವರ ಸಾಲಿನಲ್ಲಿ ನಮ್ಮ ನಾಡಿನ ಬಸವೇಶ್ವರ, ಪುರಂದರದಾಸ, ಕೃಷ್ಣದೇವರಾಯ, ಉಳ್ಳಾಲದ ರಾಣಿ ಅಬ್ಬಕ್ಕ, ಟೀಪು ಸುಲ್ತಾನ ಇವರೂ ಸೇರಿದರು. ಇಲ್ಲಿ ಕಥೆಯು ನೆಲಕ್ಕೆ ಇಳಿಯುವುದು. 1520ರಲ್ಲಿ ಕೃಷ್ಣದೇವರಾಯನು ಬಿಜಾಪುರದ ಇಸ್ಮಾಯಿಲ್ ಆದಿಲಶಾಹನನ್ನು ಸೋಲಿಸಿ ವಶಪಡಿಸಿಕೊಂಡ ಕೋಟೆಯು ನಮ್ಮ ರಾಯಚೂರಿನದೇ. ಪುಸ್ತಕದಲ್ಲಿ ಕಂಡ ರಾಯನ ಕೋಟೆಯ ಗೋಡೆಯನ್ನು ನಮ್ಮ ಮಗುವು ಕೈಯಿಂದ ಮುಟ್ಟಿ ನೋಡಬಹುದು. ಚಾಂದ್ ಬೀಬಿಯ ಕಥೆಯೂ ನಮಗೆ ದೂರದ್ದಲ್ಲ. ಆಕೆಯು ಬಿಜಾಪುರದ ಒಂದನೆಯ ಅಲಿ ಆದಿಲಶಾಹನ ರಾಣಿ. ಪತಿಯು 1580ರಲ್ಲಿ ಮಡಿದ ಮೇಲೆ ಬಾಲಕನಾದ ಎರಡನೆಯ ಇಬ್ರಾಹಿಮನ ಪರವಾಗಿ ರಾಜ್ಯಭಾರವನ್ನು ನೋಡಿಕೊಂಡವಳು. ಮುಂದೆ ತನ್ನ ತವರಾದ ಅಹಮದನಗರದ ಕೋಟೆಯನ್ನು ಮೊಗಲರ ಸೇನೆಯಿಂದ ಕಾಪಾಡಿದವಳು. ಕೊನೆಗೆ ಆಕೆಯನ್ನು ಕೊಂದವರು ಶತ್ರುಗಳಲ್ಲ, ತನ್ನ ಕಡೆಯವರೇ. ಒಳ್ಳೆಯ ಕೆಲಸಕ್ಕೆ ಒಳ್ಳೆಯ ಫಲವೇ ದೊರೆಯುವುದೆಂಬ ಅಜ್ಜಿಕಥೆಯ ನಿಯಮವು ಇಲ್ಲಿ ಮೊದಲ ಬಾರಿಗೆ ಮುರಿಯುವುದು. ಓದುವ ಹುಡುಗಿಯು ಪುಸ್ತಕವನ್ನು ಮುಚ್ಚಿ, ಇದೇಕೆ ಹೀಗಾಯಿತೆಂದು ಕೇಳುವಳು. ಆ ಪ್ರಶ್ನೆಯಲ್ಲಿಯೇ ಆಕೆಯ ಬೆಳವಣಿಗೆ ಇರುವುದು.

ನಾಲ್ಕನೆಯ ಮೆಟ್ಟಿಲನ್ನು ಮಹಾಭಾರತವೇ ತೋರಿಸುವುದು. ಮೊದಲ ವರ್ಷಗಳಲ್ಲಿ ಅದನ್ನು ಒಂದೇ ಸಂಚಿಕೆಯಲ್ಲಿ ಅಡಗಿಸಿ ಹೇಳಿದ್ದರು. 32 ಪುಟಗಳ ಸಣ್ಣ ಪುಸ್ತಕದಲ್ಲಿ ಅಷ್ಟು ದೊಡ್ಡ ಕಥೆಯು ಹಿಡಿಸೀತೆ? ಯುದ್ಧವಾಯಿತು, ಪಾಂಡವರು ಗೆದ್ದರು ಎಂಬಷ್ಟೇ ಉಳಿಯುವುದು. 1985ರಿಂದ 1989ರ ವರೆಗೆ ಇದನ್ನೇ 42 ಸಂಚಿಕೆಗಳಾಗಿ ವಿಸ್ತರಿಸಿ ಪುನಃ ಪ್ರಕಟಿಸಿದರು. ದಿಲೀಪ್ ಕದಮ್ ಅವರು ಮುಖ್ಯ ಚಿತ್ರಕಾರರು, ಕಮಲಾ ಚಂದ್ರಕಾಂತ್ ಅವರು ಬರೆದವರಲ್ಲಿ ಪ್ರಮುಖರು. ಎಲ್ಲವನ್ನೂ ಕೂಡಿಸಿದರೆ 1,300ಕ್ಕೂ ಹೆಚ್ಚು ಪುಟಗಳಾದುವು. ಈಗ ಕರ್ಣನಿಗೆ ಮಾತನಾಡಲು ಅವಕಾಶ ದೊರೆಯಿತು. ಗಾಂಧಾರಿಗೆ ಅಳಲು ಅವಕಾಶ ದೊರೆಯಿತು. ದ್ಯೂತಸಭೆಯಲ್ಲಿ ದ್ರೌಪದಿಯು ಕೇಳುವ ಪ್ರಶ್ನೆಯನ್ನು ನೆನೆಯಿರಿ: ತನ್ನನ್ನು ತಾನು ಮೊದಲೇ ಸೋತ ಪತಿಗೆ ನನ್ನನ್ನು ಪಣವಾಗಿ ಇಡುವ ಅಧಿಕಾರವು ಎಲ್ಲಿಂದ ಬಂದಿತು? ಭೀಷ್ಮನಂತಹ ಹಿರಿಯನೂ ಧರ್ಮವು ಸೂಕ್ಷ್ಮವಾದುದೆಂದು ಹೇಳಿ ನೇರವಾದ ಉತ್ತರವನ್ನು ಕೊಡಲಾರದೆ ಹೋದನು. ಪಂಪನೂ ಗದುಗಿನ ಕುಮಾರವ್ಯಾಸನೂ ಹಾಡಿದ ಈ ಕಥೆಯ ತೂಕವು ಸಣ್ಣ ಪುಸ್ತಕಕ್ಕೆ ದಕ್ಕಿರಲಿಲ್ಲ. ಮಾಲೆಯು ಬೆಳೆದ ಮೇಲೆ ದಕ್ಕಿತು.

ಐದನೆಯ ಮೆಟ್ಟಿಲು ನಮಗೆ ಹತ್ತಿರದ ಕಾಲದವರದು. ಸುಭಾಷಚಂದ್ರ ಬೋಸ್, ಜಗದೀಶಚಂದ್ರ ಬೋಸ್, ಬಾಬಾಸಾಹೇಬ ಅಂಬೇಡ್ಕರ್ ಇವರ ಜೀವನಗಳು ಚಿತ್ರಕಥೆಗಳಾದುವು. ಅಂಬೇಡ್ಕರರ ಕಥೆಯಲ್ಲಿ ರಾಕ್ಷಸನಿಲ್ಲ, ಶಾಪವಿಲ್ಲ. ಬಾಯಾರಿದ ಬಾಲಕನಿಗೆ ಜಾತಿಯ ಕಾರಣದಿಂದ ನೀರು ಕೊಡದವರು ಸಾಧಾರಣ ಮನುಷ್ಯರು. 1927ರಲ್ಲಿ ಮಹಾಡದ ಕೆರೆಯ ನೀರನ್ನು ಮುಟ್ಟಿದುದಕ್ಕೆ ಸಿಟ್ಟಾದವರೂ ಸಾಧಾರಣ ಮನುಷ್ಯರೇ. ಕೆಡಕು ಕೋರೆಹಲ್ಲನ್ನು ತೊಟ್ಟುಕೊಂಡು ಬರಬೇಕಾದುದಿಲ್ಲ, ನಮ್ಮ ಓಣಿಯಲ್ಲಿಯೂ ಇರಬಹುದೆಂಬ ಕಠಿನವಾದ ಸತ್ಯವನ್ನು ಈ ಕಥೆಯು ಮಗುವಿಗೆ ತಿಳಿಸುವುದು. ಮಾಲೆಯಲ್ಲಿ ಯೇಸು ಕ್ರಿಸ್ತನ ಚರಿತ್ರೆಯೂ ಬಂದಿದೆ. ಮದರ್ ತೆರೇಸಾ ಅವರ ಜನ್ಮಶತಾಬ್ದಿಯ ವರ್ಷವಾದ 2010ರಲ್ಲಿ ಅವರ ಜೀವನವೂ ಬಂದಿತು. ಕರ್ನಾಲದ ಹುಡುಗಿಯಾಗಿ ಬೆಳೆದು, ಗಗನಯಾತ್ರೆಯನ್ನು ಕೈಗೊಂಡು, 2003ರಲ್ಲಿ ನೌಕೆಯೊಡನೆ ಅಳಿದ ಕಲ್ಪನಾ ಚಾವ್ಲಾ ಅವರ ಕಥೆಯೂ ಸೇರಿತು. ಕಾಯುತ್ತ ಕುಳಿತ ಸಿಂಡ್ರೆಲಾಳಿಂದ ಹೊರಟ ಮಾಲೆಯು ತಾನೇ ಎದ್ದು ಹೊರಟ ಹೆಣ್ಣುಮಗಳವರೆಗೆ ಬಂದಿತೆಂದರೆ ಅದು ಸಣ್ಣ ಪಯಣವಲ್ಲ.

ಹಾಗಾದರೆ ಓದುಗರಿಗೆ ಬಹುಕಾಲ ಪ್ರಿಯವಾಗಿ ಉಳಿಯುವ ಕಥೆಗಳು ಯಾವುವು? ನಮಗೆ ತೋರುವಂತೆ, ಎಲ್ಲವೂ ಸುಖವಾಗಿ ಮುಗಿಯುವ ಕಥೆಗಳನ್ನು ಮಗುವು ಆ ಹೊತ್ತಿಗೆ ಪ್ರೀತಿಸುವುದು. ಒಂದು ಪ್ರಶ್ನೆಯನ್ನು ಉಳಿಸಿಹೋಗುವ ಕಥೆಗಳನ್ನು ಬಾಳೆಲ್ಲ ಪ್ರೀತಿಸುವುದು. ಕರ್ಣನು ಕೆಟ್ಟವರ ಪಕ್ಷದಲ್ಲಿದ್ದ ಒಳ್ಳೆಯವನೋ, ಒಳ್ಳೆಯವನಾಗಿದ್ದೂ ಕೆಟ್ಟವನಾದವನೋ? ಚಾಂದ್ ಬೀಬಿಯು ಸಂಧಿಯನ್ನು ಬಯಸಿದುದು ತಪ್ಪೋ ಸರಿಯೋ? ಇಂತಹ ಪ್ರಶ್ನೆಗಳನ್ನು ಹಿಡಿದು ಅಕ್ಕತಂಗಿಯರು ವಾದಿಸುವುದನ್ನು ಕೇಳಿದವರಿಗೆ, ಚಿತ್ರದ ಪುಸ್ತಕವು ಬುದ್ಧಿಯನ್ನು ಮಂದಗೊಳಿಸುವುದೆಂಬ ಭಯವು ಉಳಿಯಲಾರದು.

ಗುಣವನ್ನು ಹೇಳಿದ ಮೇಲೆ ದೋಷವನ್ನೂ ಹೇಳುವುದು ನ್ಯಾಯ. ಈ ಮಾಲೆಯು ಬಹು ವಿಷಯಗಳಲ್ಲಿ ಬೇಗ ಬೆಳೆಯಿತಾದರೂ ಹೆಣ್ಣಿನ ವಿಷಯದಲ್ಲಿ ತಡವಾಗಿ ಬೆಳೆಯಿತು. ಪದ್ಮಿನಿ, ರಾಣಕ್ ದೇವಿ ಇವರ ಸಂಚಿಕೆಗಳಲ್ಲಿ ಚಿತೆಯನ್ನೇರುವುದನ್ನು ಹೆಣ್ಣಿನ ಪರಮ ಗೌರವವೆಂಬಂತೆ ಚಿತ್ರಿಸಿದರೆಂದು ವಿಮರ್ಶಕರು ಆಕ್ಷೇಪಿಸಿರುವರು. ಇದು ಅಲಕ್ಷ್ಯ ಮಾಡತಕ್ಕ ಆಕ್ಷೇಪವಲ್ಲ. 1987ರಲ್ಲಿಯೂ ರಾಜಸ್ಥಾನದ ದೇವರಾಲಾ ಗ್ರಾಮದಲ್ಲಿ ಒಬ್ಬ ಎಳೆಯ ವಿಧವೆಯು ಚಿತೆಯಲ್ಲಿ ಬೆಂದು, ಸತಿಯ ಪ್ರಶಂಸೆಯನ್ನೇ ಅಪರಾಧವೆಂದು ಎಣಿಸುವ ಕಾಯಿದೆಯನ್ನು ಅದೇ ವರ್ಷ ಸರಕಾರವು ಮಾಡಬೇಕಾಯಿತು. ಎರಡನೆಯದಾಗಿ, ಮೈಬಣ್ಣದ ವಿಚಾರ. ಅನೇಕ ಸಂಚಿಕೆಗಳಲ್ಲಿ ರಾಕ್ಷಸರಿಗೆ ಕಪ್ಪುಬಣ್ಣವನ್ನೂ ನಾಯಿಕೆಯರಿಗೆ ಬಿಳುಪನ್ನೂ ಕೊಟ್ಟಿರುವರು. ವ್ಯಾಸರ ದ್ರೌಪದಿಯಾದರೋ ಕಪ್ಪು ಮೈಬಣ್ಣದವಳು; ‘ಕೃಷ್ಣೆ’ಯೆಂಬ ಹೆಸರೇ ಅದಕ್ಕೆ ಸಾಕ್ಷಿ; ಲೋಕೋತ್ತರ ಸುಂದರಿಯೂ ಅವಳೇ. ಬಿಸಿಲ ನಾಡಿನ ನಮ್ಮ ಹೆಣ್ಣುಮಕ್ಕಳು ಪುಸ್ತಕದ ಬಣ್ಣವನ್ನು ನೋಡಿ ತಮ್ಮ ಕೈಯ ಬಣ್ಣವನ್ನು ನೋಡಿಕೊಂಡು ಮನಸ್ಸಿನಲ್ಲಿಯೇ ಕುಗ್ಗಿದರೆ, ಆ ಗಾಯವು ಯಾರ ಕಣ್ಣಿಗೂ ಬೀಳದು.

ಹೀಗಿರುವುದರಿಂದ ಪುಸ್ತಕವನ್ನು ಕಿತ್ತುಕೊಳ್ಳಬೇಕೆ? ಕೂಡದು. ಕಿತ್ತುಕೊಂಡ ಪುಸ್ತಕವನ್ನು ಮಕ್ಕಳು ಕದ್ದು ಓದುವರು. ಆಗ ಪಕ್ಕದಲ್ಲಿ ಕುಳಿತು ವಿಚಾರಿಸುವವರು ಯಾರೂ ಇರಲಾರರು. ಕೊಟ್ಟು ಸುಮ್ಮನಾಗುವುದೂ ಸಾಲದು. ಜೊತೆಯಲ್ಲಿ ಓದಿ, ಮಾತನಾಡುವುದೇ ಉತ್ತಮ ಮಾರ್ಗ. ಪದ್ಮಿನಿಯ ಕಥೆಯನ್ನು ಓದಿದ ಮಗಳನ್ನು, ಆಕೆಗೆ ಬದುಕುವ ಬೇರೆ ದಾರಿಯಿದ್ದಿದ್ದರೆ ಏನಾಗುತ್ತಿತ್ತೆಂದು ಕೇಳಿರಿ. ದ್ರೌಪದಿಯ ಚಿತ್ರವನ್ನು ಕಂಡವಳಿಗೆ ವ್ಯಾಸರು ಹೇಳಿದ ಬಣ್ಣವನ್ನು ತಿಳಿಸಿರಿ. ಓದಲು ಬಾರದ ತಾಯಂದಿರೂ ಇದನ್ನು ಮಾಡಬಲ್ಲರು. ಚಿತ್ರವನ್ನು ನೋಡಿ ಮಗಳಿಂದ ಕಥೆಯನ್ನು ಹೇಳಿಸಿಕೊಂಡರೆ ಸಾಕು, ಮಗಳಿಗೆ ಹೇಳುವ ಅಭ್ಯಾಸವೂ ತಾಯಿಗೆ ಅಕ್ಷರದ ಆಸೆಯೂ ಒಟ್ಟಿಗೆ ಹುಟ್ಟುವುವು.

ಈ ಮಾತನ್ನು ನಾವು ಸುಮ್ಮನೆ ಹೇಳುತ್ತಿಲ್ಲ. 2011ರ ಜನಗಣತಿಯ ಪ್ರಕಾರ ರಾಯಚೂರು ಜಿಲ್ಲೆಯಲ್ಲಿ ಅಕ್ಷರ ಬಲ್ಲ ಸ್ತ್ರೀಯರ ಪ್ರಮಾಣವು ನೂರಕ್ಕೆ 50ನ್ನೂ ಮುಟ್ಟಿರಲಿಲ್ಲ. ಪುರುಷರದು 70ರ ಸುಮಾರಿನಲ್ಲಿತ್ತು. ಇಂತಹ ಸೀಮೆಯಲ್ಲಿ ಒಬ್ಬ ಬಾಲಿಕೆಯ ಕೈಗೆ ಬಂದ ಒಂದು ಪುಸ್ತಕವು ಒಂದು ಮನೆಯ ಭಾಗ್ಯವೇ ಸರಿ. ಆದರೆ ನಮ್ಮಲ್ಲಿ ಒಂದು ಪದ್ಧತಿಯುಂಟು: ಗಂಡುಮಗನು ದೊಡ್ಡವನಾದಂತೆ ಅವನ ಕೈಗೆ ದೊಡ್ಡ ಪುಸ್ತಕಗಳು ಬರುವುವು; ಹೆಣ್ಣುಮಗಳು ದೊಡ್ಡವಳಾದಂತೆ ಇದ್ದ ಪುಸ್ತಕವೂ ಕೈಬಿಟ್ಟು ಒಲೆಯ ಮುಂದಿನ ಕೆಲಸವು ಬರುವುದು. ಆಕೆಯ ಕಥೆಯ ಓದು ಮೊದಲ ಎರಡು ಮೆಟ್ಟಿಲುಗಳಲ್ಲಿಯೇ ನಿಂತುಹೋಗುವುದು. ಕಾಯುವ ಹುಡುಗಿಯನ್ನೂ ಸಹಿಸುವ ಹೆಂಡತಿಯನ್ನೂ ಆಕೆ ಬಲ್ಲಳು. ಸಭೆಯಲ್ಲಿ ಪ್ರಶ್ನೆ ಕೇಳಿದವಳನ್ನೂ, ಕೋಟೆಯನ್ನು ಕಾಯ್ದವಳನ್ನೂ, ಗಗನಕ್ಕೆ ಏರಿದವಳನ್ನೂ ಕಾಣದೆಯೇ ಸಂಸಾರಕ್ಕೆ ಹೋಗುವಳು. ಕಥಾಮಾಲೆಯು ಬೆಳೆದರೂ ಓದುಗಳನ್ನು ಬೆಳೆಯಗೊಡದಿದ್ದರೆ ಆ ಬೆಳವಣಿಗೆಯಿಂದ ಯಾರಿಗೆ ಪ್ರಯೋಜನ?

ಆದುದರಿಂದ ನಮ್ಮ ಪೂರ್ವ ವಿದ್ಯಾರ್ಥಿನಿಯರಲ್ಲಿ ನಮ್ಮ ಪ್ರಾರ್ಥನೆ ಇಷ್ಟೆ. ನಿಮ್ಮ ಮನೆಯ ಅಟ್ಟದ ಮೇಲೆ, ಪೆಟ್ಟಿಗೆಯ ತಳದಲ್ಲಿ ಹಳೆಯ ಚಿತ್ರಕಥೆಗಳಿದ್ದರೆ ಅವನ್ನು ರದ್ದಿಗೆ ಹಾಕಬೇಡಿರಿ. ನೆರೆಯ ಬಾಲಿಕೆಯರಿಗೆ ಕೊಡಿರಿ, ಇಲ್ಲವೆ ಶಾಲೆಯ ಪುಸ್ತಕ ಭಂಡಾರಕ್ಕೆ ಒಪ್ಪಿಸಿರಿ. ಕೊಡುವಾಗ ಸಣ್ಣವರ ಕಥೆಗಳನ್ನು ಮಾತ್ರ ಆರಿಸಿ ಕೊಡದೆ, ಕರ್ಣನನ್ನೂ ಚಾಂದ್ ಬೀಬಿಯನ್ನೂ ಅಂಬೇಡ್ಕರರನ್ನೂ ಜೊತೆಗೆ ಕೊಡಿರಿ. ಪೋಷಕ ಮಹಾಶಯರೇ, ಮಗಳು ಏಳನೆಯ ತರಗತಿಗೆ ಬಂದಳೆಂದು, ಹತ್ತನೆಯದನ್ನು ಮುಗಿಸಿದಳೆಂದು ಕಥೆಯ ಓದನ್ನು ನಿಲ್ಲಿಸಬೇಡಿರಿ. ಕಠಿನವಾದ ಕಥೆಯು ಆಕೆಯನ್ನು ಕೆಡಿಸಲಾರದು. ಕಠಿನವಾದ ಬಾಳಿಗೆ ಸಿದ್ಧಗೊಳಿಸುವುದು. ಮೆಟ್ಟಿಲುಗಳು ಆಕೆಗಾಗಿಯೇ ಇರುವುವು, ಏರಲು ಬಿಡಿರಿ.